ಹಳೇ ಮೆನ್ನೊನೈಟ್ ಕ್ವಿಲ್ಟ್ ಗುರುತಿಸುವುದು ಹೇಗೆ? ವಿನ್ಯಾಸ, ಬಟ್ಟೆ, ಹೊಲಿಗೆ, ಜೋಪಾನ: ಸಮಗ್ರ ಮಾರ್ಗದರ್ಶಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲೋ ಕೆನಡಾದ ವಾಟರ್‌ಲೂ ಕಡೆಯಲ್ಲೋ ಇರುವ ಕನ್ನಡಿಗರಿಗೆ ಹಳೇ ಸಾಮಾನಿನ ಅಂಗಡಿಗಳು ಗೊತ್ತೇ ಇರುತ್ತವೆ. ಅಲ್ಲಿ ಮಡಿಸಿಟ್ಟ ತುಂಡುಬಟ್ಟೆಯ ಹೊದಿಕೆಗಳಿರುತ್ತವೆ. ಇವೇ ಕ್ವಿಲ್ಟ್‌ಗಳು. ಅವುಗಳ ಮೇಲೆ 'ಅಮಿಶ್, 1880' ಅಂತ ಒಂದು ಲೇಬಲ್ ಇದ್ದರೂ ಇರಬಹುದು. ಆ ಲೇಬಲ್ ನಂಬಿ ದುಡ್ಡು ಕೊಡಬೇಡಿ. ಕ್ವಿಲ್ಟ್ ತನ್ನ ವಯಸ್ಸನ್ನೂ ಊರನ್ನೂ ಬಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಅದನ್ನು ನೋಡೋದಕ್ಕೆ ಒಂದು ಕ್ರಮ ಇದೆ: ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಕೊನೆಗೆ ಬೆನ್ನಿನ ಕಡೆಯಿಂದ. ಈ ಕ್ರಮ ರೂಢಿಯಾದರೆ ಮಾರುವವರ ಕಥೆಗೆ ಕಾಯಬೇಕಾಗಿಲ್ಲ.

ಮೆನ್ನೊನೈಟರು ಯಾರು?

16ನೇ ಶತಮಾನದಲ್ಲಿ ಯುರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ ಇದು. ನೆದರ್‌ಲ್ಯಾಂಡ್ಸ್‌ನ ಮೆನ್ನೊ ಸೈಮನ್ಸ್ ಅವರ ಹೆಸರಿನಿಂದ ಗುರುತಾಯಿತು. ದೊಡ್ಡವರಾದ ಮೇಲೆ ತಿಳಿದು ದೀಕ್ಷೆ ತಗೋಬೇಕು, ಯುದ್ಧಕ್ಕೆ ಹೋಗಬಾರದು, ಬದುಕು ಸರಳವಾಗಿರಬೇಕು ಅನ್ನೋದು ಇವರ ನಂಬಿಕೆ. 1693ರಲ್ಲಿ ಯಾಕೋಬ್ ಅಮ್ಮಾನ್ ಅವರ ಹಿಂದೆ ಹೋದ ಗುಂಪು ಅಮಿಶ್ ಆಯಿತು. ಅಂದರೆ ಅಮಿಶರು, ಮೆನ್ನೊನೈಟರು ದಾಯಾದಿಗಳು.

1683ರಿಂದ ಇವರು ಪೆನ್ಸಿಲ್ವೇನಿಯಾಕ್ಕೆ ಬರತೊಡಗಿದರು. ಅಲ್ಲಿಂದ 1800ರ ಆಸುಪಾಸಿನಲ್ಲಿ ಕೆಲವರು ಒಂಟಾರಿಯೊದ ವಾಟರ್‌ಲೂ ಪ್ರದೇಶಕ್ಕೆ ಹೋದರು. 1874ರಿಂದ ರಷ್ಯಾದ ಮೆನ್ನೊನೈಟರು ಕ್ಯಾನ್ಸಸ್, ಮ್ಯಾನಿಟೋಬಾ ಕಡೆ ಬಂದು ನೆಲೆಸಿದರು.

ಇಲ್ಲಿ ಒಂದು ಮಾತು ನೆನಪಿರಲಿ. ಕ್ವಿಲ್ಟ್ ಹೊಲಿಯೋದು ಇವರು ಯುರೋಪಿನಿಂದ ತಂದ ವಿದ್ಯೆ ಅಲ್ಲ. ಜರ್ಮನ್ ಮಾತಾಡುವ ಆ ಜನ ಹಕ್ಕಿಗರಿ ತುಂಬಿದ ಹಾಸಿಗೆ ಹೊದಿಕೆ ಬಳಸುತ್ತಿದ್ದರು. ಕ್ವಿಲ್ಟನ್ನು ಇಂಗ್ಲಿಷ್ ಮಾತಾಡುವ ನೆರೆಹೊರೆಯವರಿಂದ ಕಲಿತರು. ಅವರ ಕೈಯಲ್ಲಿ ಅದು ಚೆನ್ನಾಗಿ ಅರಳಿದ್ದು 19ನೇ ಶತಮಾನದ ಎರಡನೇ ಅರ್ಧದಲ್ಲಿ. ಹಾಗಾಗಿ '1750ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನಿಂದ ಹಡಗಿನಲ್ಲಿ ತಂದ ಮೆನ್ನೊನೈಟ್ ಕ್ವಿಲ್ಟ್' ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ.

ಕೌದಿಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕೌದಿ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹಳೇ ಸೀರೆಯ ಮೇಲೆ ತುಂಡುಗಳನ್ನು ಇಟ್ಟು, ಅಂಚಿನಿಂದ ಶುರುಮಾಡಿ ಒಳಗೆ ಒಳಗೆ ಹೊಲಿಯುತ್ತಾ ಬರುತ್ತಾರೆ. ಒಂದೇ ಎಳೆಹೊಲಿಗೆ ತುಂಡನ್ನೂ ಕೂರಿಸುತ್ತದೆ, ಪದರಗಳನ್ನೂ ಹಿಡಿಯುತ್ತದೆ.

ಮೆನ್ನೊನೈಟ್ ಕ್ವಿಲ್ಟಿನಲ್ಲಿ ಕೆಲಸ ಎರಡು ಹಂತದ್ದು. ಮೊದಲು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು ಮೇಲಿನ ಹಾಳೆ ಮಾಡುತ್ತಾರೆ. ಆಮೇಲೆ ಅದರ ಕೆಳಗೆ ಅರಳೆ ಅಥವಾ ಉಣ್ಣೆಯ ಪದರ, ಅದರ ಕೆಳಗೆ ಅಸ್ತರು ಇಟ್ಟು, ಚೌಕಟ್ಟಿಗೆ ಬಿಗಿದು, ಮೂರನ್ನೂ ಸೇರಿಸಿ ಸಣ್ಣ ಹೊಲಿಗೆ ಹಾಕುತ್ತಾರೆ. ಹಾಗಾಗಿ ಒಂದೇ ಹೊದಿಕೆಯಲ್ಲಿ ಎರಡು ಚಿತ್ರ ಇರುತ್ತವೆ. ಒಂದು ಬಣ್ಣದ್ದು, ಇನ್ನೊಂದು ಹೊಲಿಗೆಯದ್ದು. ಬಣ್ಣದ ಚಿತ್ರ ಚೌಕ, ಪಟ್ಟೆ, ವಜ್ರಾಕಾರಗಳದ್ದು. ಹೊಲಿಗೆಯ ಚಿತ್ರದಲ್ಲಿ ಬಳ್ಳಿ, ಗರಿ, ಹಗ್ಗದ ಹೆಣಿಗೆ ಬರಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹಂತ 1: ದೂರ ನಿಂತು ನೋಡಿ

ಕ್ವಿಲ್ಟನ್ನು ಮಂಚದ ಮೇಲೋ ಶುಭ್ರವಾದ ನೆಲದ ಮೇಲೋ ಪೂರ್ತಿ ಬಿಡಿಸಿ. ಹತ್ತು ಅಡಿ ದೂರ ಹೋಗಿ. ಕಣ್ಣು ಅರೆ ಮುಚ್ಚಿ. ಬಣ್ಣಗಳ ಹೆಸರು ಮರೆತು, ಎಲ್ಲಿ ತಿಳಿ, ಎಲ್ಲಿ ಗಾಢ ಅಂತ ಮಾತ್ರ ನೋಡಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಅದನ್ನು ಕಪ್ಪುಬಿಳುಪು ಮಾಡಿಕೊಂಡರೆ ಇನ್ನೂ ಸುಲಭ. ಈ ಕ್ವಿಲ್ಟ್‌ಗಳ ಜ್ಯಾಮಿತಿ ನಿಂತಿರೋದೇ ಬೆಳಕು-ಕತ್ತಲಿನ ಮೇಲೆ. ಕೆಂಪು, ನೀಲಿ, ಹಸಿರು ಆಮೇಲಿನ ಮಾತು.

ಈಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮತ್ತೆ ಮತ್ತೆ ಬರುವ ಮನೆ, ಅಂದರೆ ಬ್ಲಾಕ್, ಯಾವುದು? ಅದು ನೇರವಾಗಿ ಕೂತಿದೆಯಾ ಅಥವಾ ಮೂಲೆ ಮೇಲೆ ನಿಂತಿದೆಯಾ? ಮನೆಗಳ ನಡುವೆ ಪಟ್ಟಿ ಇದೆಯಾ ಅಥವಾ ಒಂದಕ್ಕೊಂದು ಅಂಟಿಕೊಂಡಿವೆಯಾ? ಇಷ್ಟಕ್ಕೆ ಉತ್ತರ ಸಿಕ್ಕರೆ ವಿನ್ಯಾಸದ ಹೆಸರು ಹುಡುಕೋದು ಕಷ್ಟ ಅಲ್ಲ.

ಹಂತ 2: ವಿನ್ಯಾಸ ಬಿಡಿಸಿ ನೋಡಿ

ಲಾಗ್ ಕ್ಯಾಬಿನ್ ವಿನ್ಯಾಸದಿಂದಲೇ ಶುರುಮಾಡಿ ಅಂತ ನಾನು ಹೇಳುತ್ತೇನೆ. ಇದೊಂದು ಅರ್ಥವಾದರೆ ಉಳಿದ ಅರ್ಧ ವಿನ್ಯಾಸಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ಇದು ಜನಪ್ರಿಯವಾದದ್ದು 1860ರ ದಶಕದಿಂದ.

ನಡುವೆ ಒಂದು ಪುಟ್ಟ ಚೌಕ. ಅದರ ಒಂದು ಬದಿಗೆ ತಿಳಿ ಬಣ್ಣದ ಪಟ್ಟಿ. ಪಕ್ಕದ ಬದಿಗೆ ಇನ್ನೊಂದು ತಿಳಿ ಪಟ್ಟಿ. ಮೂರನೇ, ನಾಲ್ಕನೇ ಬದಿಗೆ ಗಾಢ ಪಟ್ಟಿಗಳು. ಮತ್ತೆ ಅದೇ ಸುತ್ತು, ಪ್ರತಿ ಪಟ್ಟಿಯೂ ಹಿಂದಿನದಕ್ಕಿಂತ ಸ್ವಲ್ಪ ಉದ್ದ. ಮೂರು ನಾಲ್ಕು ಸುತ್ತು ಮುಗಿದಾಗ ಒಂದು ದೊಡ್ಡ ಚೌಕವಾಗುತ್ತದೆ. ಕರ್ಣದ ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲು. ಗಮನಿಸಿ, ಇಡೀ ಮನೆಯಲ್ಲಿ ಓರೆಯಾಗಿ ಕತ್ತರಿಸಿದ ತುಂಡು ಒಂದೂ ಇಲ್ಲ. ಆದರೂ ಕಣ್ಣಿಗೆ ಓರೆಗೆರೆ ಕಾಣುತ್ತದೆ.

ಈಗ ಚೌಕುಳಿ ಹಾಳೆಯಲ್ಲಿ ಇಂಥ 16 ಮನೆ ಬರೆಯಿರಿ, ಸಾಲಿಗೆ ನಾಲ್ಕರಂತೆ. ಪ್ರತಿ ಮನೆಯನ್ನೂ ಕರ್ಣದಲ್ಲಿ ಎರಡು ಮಾಡಿ, ಅರ್ಧಕ್ಕೆ ಮಾತ್ರ ಪೆನ್ಸಿಲ್ ಹಚ್ಚಿ. ಹಾಳೆಯನ್ನು ಕತ್ತರಿಸಿ ಮನೆಗಳನ್ನು ತಿರುಗಿಸುತ್ತಾ ಜೋಡಿಸಿ. ಎಲ್ಲ ಮನೆಗಳ ಕರ್ಣವೂ ಒಂದೇ ದಿಕ್ಕಿಗೆ ಇದ್ದು, ಒಂದು ಬಿಟ್ಟು ಒಂದು ಮನೆ ತಲೆಕೆಳಗಾಗಿ ಕೂತು, ಬೆಳಕು-ಕತ್ತಲು ಓರೆ ಸಾಲಾಗಿ ಹರಿದರೆ ಅದು ಸ್ಟ್ರೇಟ್ ಫರ್ರೋ, ಉತ್ತ ಹೊಲದ ಸಾಲು. ನಡುವಿನಿಂದ ವಜ್ರಾಕಾರಗಳು ಒಂದರ ಹೊರಗೊಂದು ಹರಡಿದರೆ ಬಾರ್ನ್ ರೈಸಿಂಗ್. ನಾಲ್ಕು ನಾಲ್ಕು ಮನೆಗಳ ಬೆಳಕು ಒಂದು ಕಡೆ ಕೂಡಿ, ಕತ್ತಲು ಇನ್ನೊಂದು ಕಡೆ ಕೂಡಿದರೆ ಲೈಟ್ ಅಂಡ್ ಡಾರ್ಕ್. ಪಟ್ಟಿಗಳನ್ನು ಸುತ್ತಾಗಿ ಹಾಕದೆ ಎದುರುಬದುರು ಬದಿಗೆ ಜೋಡಿ ಜೋಡಿಯಾಗಿ ಹಾಕಿದ್ದರೆ ಅದು ಕೋರ್ಟ್‌ಹೌಸ್ ಸ್ಟೆಪ್ಸ್. ಮನೆ ಒಂದೇ, ಅದನ್ನು ತಿರುಗಿಸಿ ಇಟ್ಟರೆ ಹೊಸ ಕ್ವಿಲ್ಟ್. ಇದನ್ನು ಬರೀ ಓದಿದರೆ ಸಾಲದು, ಹಾಳೆ ಕತ್ತರಿಸಿ ಜೋಡಿಸಿಯೇ ನೋಡಿ.

ಇನ್ನೊಂದು ಸುಳಿವು. ಹಳೇ ಲಾಗ್ ಕ್ಯಾಬಿನ್‌ಗಳಲ್ಲಿ ಪಟ್ಟಿಗಳನ್ನು ಕೆಳಗೊಂದು ಹಳೇ ಬಟ್ಟೆ ಇಟ್ಟು ಅದರ ಮೇಲೇ ಹೊಲಿಯುತ್ತಿದ್ದರು. ಹಾಗಾಗಿ ದಪ್ಪ ಆಗಲೇ ಬಂದಿರುತ್ತದೆ. ಎಷ್ಟೋ ಸಲ ಒಳಗೆ ಅರಳೆ ಇರುವುದಿಲ್ಲ, ಮೇಲಿನ ಸಣ್ಣ ಹೊಲಿಗೆಯೂ ಇರುವುದಿಲ್ಲ. ಅದನ್ನು ಕೊರತೆ ಅಂದುಕೊಳ್ಳಬೇಡಿ. ಒಂದು ಪಟ್ಟಿ ಸವೆದ ಜಾಗದಲ್ಲಿ ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ, ಅಡಿಯ ಬಟ್ಟೆ ಇಣುಕುತ್ತದೆ.

ಎರಡನೆಯದು ಲೋನ್ ಸ್ಟಾರ್, ಇಡೀ ಹೊದಿಕೆಗೆ ಒಂದೇ ದೊಡ್ಡ ಎಂಟು ಮೂಲೆಯ ನಕ್ಷತ್ರ. ಎಂಟು ದೊಡ್ಡ ವಜ್ರಾಕಾರಗಳು ನಡುವೆ ಕೂಡುತ್ತವೆ. ಒಂದೊಂದರ ಒಳಗೂ ಪುಟ್ಟ ವಜ್ರಾಕಾರಗಳ ಸಾಲು. ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು ಅಂದರೆ 81, ಎಂಟಕ್ಕೆ 648 ತುಂಡು. ಪ್ರತಿ ಮೊನೆಯೂ 45 ಡಿಗ್ರಿ ಇರಬೇಕು. ಎಂಟೂ ಸೇರಿದರೆ ಸರಿಯಾಗಿ 360. ಒಂದೊಂದರಲ್ಲಿ ಒಂದು ಡಿಗ್ರಿ ಜಾಸ್ತಿಯಾದರೂ ನಡುವೆ ಎಂಟು ಡಿಗ್ರಿ ಬಟ್ಟೆ ಹೆಚ್ಚಾಗಿ ಉಬ್ಬಿ ನಿಲ್ಲುತ್ತದೆ. ಸಾಲದ್ದಕ್ಕೆ ಈ ತುಂಡುಗಳ ಅಂಚು ಓರೆಯಾಗಿ ಕತ್ತರಿಸಿದ್ದು, ಎಳೆದರೆ ಹಿಗ್ಗುತ್ತದೆ. ಹಾಗಾಗಿ ನಕ್ಷತ್ರದ ನಡುವೆ ಅಂಗೈ ಇಟ್ಟು ನೋಡಿ. ನೂರು ವರ್ಷದ ಮೇಲೂ ಅದು ಮಟ್ಟಸವಾಗಿ ಮಲಗಿದ್ದರೆ ಆ ಹೆಂಗಸಿನ ಕೈಗೆ ಎಷ್ಟು ಮರ್ಯಾದೆ ಕೊಟ್ಟರೂ ಕಡಿಮೆ.

ಮೂರನೆಯದು ಜೋಸೆಫ್ಸ್ ಕೋಟ್. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಮೆನ್ನೊನೈಟರ ಹೆಸರಿನ ಜೊತೆ ಹೆಚ್ಚು ಕೇಳಿಬರುವ ವಿನ್ಯಾಸ ಇದು. ಮೇಲಿನಿಂದ ಕೆಳಗಿನವರೆಗೆ ಕಾಮನಬಿಲ್ಲಿನ ಪಟ್ಟೆಗಳು, ಅಷ್ಟೇ. ಅಂಚಿನಲ್ಲಿ ಅದೇ ಪಟ್ಟೆಗಳು ಓರೆಯಾಗಿ ಓಡುವುದೂ ಉಂಟು. ಸರಳ ಅನ್ನಿಸುತ್ತದೆ. ಹತ್ತಿರ ಹೋದರೆ ಕೆಲವುಗಳಲ್ಲಿ ಒಂದು ಪಟ್ಟೆಯಲ್ಲಿ ಹಗ್ಗದ ಹೆಣಿಗೆ, ಇನ್ನೊಂದರಲ್ಲಿ ಗರಿ, ಮತ್ತೊಂದರಲ್ಲಿ ಬೇರೆಯೇ ಹೊಲಿಗೆ. ಮೊದಲೇ ಹೇಳಿದ ಎರಡು ಚಿತ್ರ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮೂರು ಸಾಲಿಗೆ ಮೂರರಂತೆ ಒಂಬತ್ತು ಚೌಕ ಇದ್ದರೆ ನೈನ್ ಪ್ಯಾಚ್. ಪುಟ್ಟ ಚೌಕಗಳು ಓರೆ ಸರಪಳಿಯಾಗಿ ಇಡೀ ಹೊದಿಕೆ ದಾಟಿದರೆ ಐರಿಷ್ ಚೈನ್. ಒಂದೇ ಅಳತೆಯ ಚೌಕಗಳು ನಡುವಿನಿಂದ ಬಣ್ಣ ಬಣ್ಣದ ಸುತ್ತುಗಳಾಗಿ ಹರಡಿದರೆ ಟ್ರಿಪ್ ಅರೌಂಡ್ ದಿ ವರ್ಲ್ಡ್, ಅಮಿಶರ ಕಡೆ ಸನ್‌ಶೈನ್ ಅಂಡ್ ಶಾಡೋ. ತ್ರಿಕೋನಗಳು ಅಲೆಯಂತೆ ಚೌಕಗಳನ್ನು ಸುತ್ತುವರಿದರೆ ಓಷನ್ ವೇವ್ಸ್. ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿದಂತಿದ್ದರೆ ಡಬಲ್ ವೆಡ್ಡಿಂಗ್ ರಿಂಗ್, ಅದು ಹೆಚ್ಚಾಗಿ 1930ರ ದಶಕದ ಕಡೆಯದ್ದು. ಒಂದೇ ವಿನ್ಯಾಸಕ್ಕೆ ಊರಿಗೊಂದು ಹೆಸರಿರುತ್ತದೆ, ಹೆಸರಿಗಾಗಿ ಜಗಳ ಬೇಡ.

ಹಂತ 3: ಅಮಿಶೋ ಮೆನ್ನೊನೈಟೋ?

ಹಳೇ ಅಮಿಶ್ ಕ್ವಿಲ್ಟ್‌ಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಅಚ್ಚಿನ ಬಟ್ಟೆ ಇರುವುದಿಲ್ಲ. ಒಂದೇ ಬಣ್ಣದ, ಗಾಢವಾದ ಬಟ್ಟೆಗಳೇ. ಲ್ಯಾಂಕಾಸ್ಟರ್‌ನ ಅಮಿಶರು ನುಣುಪಾದ ಉಣ್ಣೆಯನ್ನು ಜಾಸ್ತಿ ಬಳಸಿದರು. ಮೆನ್ನೊನೈಟರು ಸಣ್ಣ ಹೂವಿನ, ಚುಕ್ಕಿಯ ಚೀಟಿ ಬಟ್ಟೆಯನ್ನು ಧಾರಾಳವಾಗಿ ಬಳಸಿದರು. ಕೆಂಪಿನ ಪಕ್ಕ ಕಿತ್ತಳೆ, ಅದರ ಪಕ್ಕ ಹಸಿರು, ನಡುವೆ ಗುಲಾಬಿ ಹೀಗೆ ಒಟ್ಟಿಗೆ ಹಾಕಲು ಹೆದರಲಿಲ್ಲ. ತೊಡುವ ಬಟ್ಟೆ ಸರಳ, ಹೊದೆಯುವ ಬಟ್ಟೆ ಹಬ್ಬ.

ಆದರೆ ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ. ಒಂದೇ ಬಣ್ಣದ ಬಟ್ಟೆಯ ಮೆನ್ನೊನೈಟ್ ಕ್ವಿಲ್ಟ್‌ಗಳೂ ಇವೆ. ಜೊತೆಗೆ ಅದೇ ಊರಿನ ಲೂಥರನ್ (ಇನ್ನೊಂದು ಕ್ರೈಸ್ತ ಪಂಥ) ಮನೆಗಳಲ್ಲೂ ಅವೇ ಬಣ್ಣ, ಅವೇ ವಿನ್ಯಾಸ. ಬರೀ ನೋಟದಿಂದ 'ಇದು ಮೆನ್ನೊನೈಟ್ ಮನೆಯದ್ದೇ' ಅಂತ ಖಡಾಖಂಡಿತವಾಗಿ ಹೇಳಲು ಆಗೋದಿಲ್ಲ. ಯಾವ ಮನೆಯಿಂದ ಬಂತು ಅನ್ನೋ ದಾಖಲೆ ಬೇಕು: ಹೊಲಿದವರ ಹೆಸರು, ಕುಟುಂಬ, ಊರು. ದಾಖಲೆ ಇಲ್ಲದಿದ್ದರೆ 'ಪೆನ್ಸಿಲ್ವೇನಿಯಾದ್ದು, ಬಹುಶಃ ಮೆನ್ನೊನೈಟ್' ಅಂತ ಅನ್ನೋದೇ ಪ್ರಾಮಾಣಿಕ ಮಾತು.

ಹಂತ 4: ತಿರುವಿ ಹಾಕಿ

ಬೆನ್ನು ನೋಡದೆ ಕ್ವಿಲ್ಟ್ ಕೊಳ್ಳಲೇಬೇಡಿ. ಹಿಂದೆ ಮಗ್ಗದ ಅಗಲ ಕಡಿಮೆ, ಆದ್ದರಿಂದ ಅಸ್ತರನ್ನು ಎರಡು ಮೂರು ಅಗಲ ಸೇರಿಸಿ ಹೊಲಿಯಬೇಕಿತ್ತು. ಹಾಸಿಗೆಯಗಲದ ಅಸ್ತರು ಒಂದು ಜೋಡುಹೊಲಿಗೆಯೂ ಇಲ್ಲದೆ ಒಂದೇ ತುಂಡಾಗಿದ್ದರೆ ಹುಷಾರಾಗಿ. ಪೆನ್ಸಿಲ್ವೇನಿಯಾದ ಹಲವು ಕ್ವಿಲ್ಟ್‌ಗಳ ಬೆನ್ನಿನಲ್ಲೂ ಚೆಂದದ ಚೀಟಿ ಬಟ್ಟೆ ಇರುತ್ತದೆ.

ಹೊಲಿಗೆ ಎಣಿಸಿ. ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಮೇಲೆ ಕಾಣುವ ಹೊಲಿಗೆ ಎಷ್ಟು ನೋಡಿ. ಎಂಟು ಇದ್ದರೆ ಒಳ್ಳೆಯ ಕೈ. ಹತ್ತು ದಾಟಿದರೆ ಬಹಳ ನುರಿತ ಕೈ. ಕೈಹೊಲಿಗೆ ಸ್ವಲ್ಪ ಏರುಪೇರಾಗುತ್ತದೆ, ಎರಡು ಹೊಲಿಗೆಯ ನಡುವೆ ಖಾಲಿ ಜಾಗ ಇರುತ್ತದೆ. ಮಷಿನ್ ಹೊಲಿಗೆಯಲ್ಲಿ ದಾರ ಎಡೆಬಿಡದೆ ಓಡುತ್ತದೆ.

ಮಷಿನ್ ಹೊಲಿಗೆ ಕಂಡ ತಕ್ಷಣ 'ಹೊಸದು' ಅಂತ ಬಿಟ್ಟುಬಿಡಬೇಡಿ. ಐಸಾಕ್ ಸಿಂಗರ್ ಅವರ ಹೊಲಿಗೆ ಮಷಿನ್ನಿಗೆ ಪೇಟೆಂಟ್ ಸಿಕ್ಕಿದ್ದು 1851ರಲ್ಲಿ. ಮುಂದಿನ ದಶಕಗಳಲ್ಲಿ ಅದು ರೈತರ ಮನೆಗೂ ಬಂತು. ತುಂಡು ಜೋಡಿಸಲು, ಅಂಚುಪಟ್ಟಿ ಕೂರಿಸಲು ಮಷಿನ್, ಮೂರು ಪದರ ಸೇರಿಸಲು ಕೈ: 1870ರ ನಂತರದ ಎಷ್ಟೋ ಕ್ವಿಲ್ಟ್‌ಗಳು ಹೀಗೇ ಇವೆ.

ಹೊಲಿಗೆ ಇಲ್ಲದೆ ಅಲ್ಲಲ್ಲಿ ದಾರದ ಗಂಟು ಮಾತ್ರ ಇದ್ದರೆ ಅದನ್ನು ಕಂಫರ್ಟರ್ ಅನ್ನುತ್ತಾರೆ. ಇದೂ ಮೆನ್ನೊನೈಟರ ದೊಡ್ಡ ಪರಂಪರೆಯೇ. 1920ರಲ್ಲಿ ಶುರುವಾದ ಮೆನ್ನೊನೈಟ್ ಸೆಂಟ್ರಲ್ ಕಮಿಟಿ ಇಂಥ ಗಂಟುಹೊದಿಕೆಗಳನ್ನು ನಿರಾಶ್ರಿತರಿಗೆ ಇವತ್ತಿಗೂ ಕಳಿಸುತ್ತದೆ. ಅದರ ನೆರವಿಗಾಗಿ ಒಂಟಾರಿಯೊದ ನ್ಯೂ ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಕ್ವಿಲ್ಟ್ ಹರಾಜೂ ನಡೆಯುತ್ತದೆ. ಹೊಸ ಕ್ವಿಲ್ಟ್ ಬೇಕಾದವರು ಅಲ್ಲಿಗೆ ಹೋಗುವುದೇ ಒಳ್ಳೆಯದು.

ಹಂತ 5: ವಯಸ್ಸು ಕಂಡುಹಿಡಿಯಿರಿ

ಮೂಲ ನಿಯಮ ಒಂದೇ: ಕ್ವಿಲ್ಟಿನ ವಯಸ್ಸು ಅದರಲ್ಲಿರುವ ಅತಿ ಹೊಸ ಬಟ್ಟೆಗಿಂತ ಹೆಚ್ಚಿರಲು ಸಾಧ್ಯವಿಲ್ಲ. ನೂರು ತುಂಡು 1870ರದ್ದಾಗಿ, ಒಂದು ತುಂಡು 1930ರದ್ದಾಗಿದ್ದರೆ ಕ್ವಿಲ್ಟ್ 1930ರ ಈಚಿನದ್ದೇ, ಅದು ಆಮೇಲೆ ಹಾಕಿದ ತೇಪೆ ಅಲ್ಲದಿದ್ದರೆ. ಜನ ಬಟ್ಟೆಚೂರುಗಳನ್ನು ದಶಕಗಳ ಕಾಲ ಇಟ್ಟುಕೊಳ್ಳುತ್ತಿದ್ದರು.

ಬಣ್ಣಗಳನ್ನು ಹೀಗೆ ನೋಡಿ. ಗಟ್ಟಿ ಕೆಂಪು, ಮಾಸದೆ ಉಳಿದದ್ದು, ಟರ್ಕಿ ರೆಡ್. ಮಂಜಿಷ್ಠದ ಜಾತಿಯ ಮ್ಯಾಡರ್ ಬೇರಿನಿಂದ ಬರುತ್ತಿದ್ದ ಬಣ್ಣ ಅದು. 1869ರ ನಂತರ ಅದೇ ಬಣ್ಣ ಕಾರ್ಖಾನೆಯಲ್ಲೂ ತಯಾರಾಯಿತು. 1880ರ ದಶಕದಲ್ಲಿ ಕಾಂಗೋ ರೆಡ್ ಅನ್ನೋ ಅಗ್ಗದ ಬಣ್ಣ ಕಂಡುಹಿಡಿದರು. ಇಂಥವು ನೀರಲ್ಲಿ ಬಣ್ಣ ಬಿಡುತ್ತವೆ, ಬಿಸಿಲಿಗೆ ಮಾಸುತ್ತವೆ. ಗಾಢ ಹಳದಿ-ಕಿತ್ತಳೆ ಇದ್ದರೆ ಅದು ಕ್ರೋಮ್ ಬಣ್ಣ, ಪೆನ್ಸಿಲ್ವೇನಿಯಾದವರ ಅಚ್ಚುಮೆಚ್ಚು. ಈಗ ಸಂಗ್ರಾಹಕರು ಇದನ್ನು ಚೆಡ್ಡರ್ (ಒಂದು ಬಗೆಯ ಚೀಸ್) ಅಂತಲೇ ಕರೆಯುತ್ತಾರೆ.

ಮಣ್ಣುಬಣ್ಣದ, ಮಂಕಾದ ತುಂಡು ಕಂಡರೆ ಅದು ಮೊದಲಿಂದಲೂ ಹಾಗೇ ಇತ್ತು ಅಂದುಕೊಳ್ಳಬೇಡಿ. 19ನೇ ಶತಮಾನದ ಕೊನೆಯ ಕೆಲವು ಕೃತಕ ಹಸಿರುಗಳು ಮಾಸಿ ಹೀಗಾಗಿವೆ. ಜೋಡುಹೊಲಿಗೆ ಬಿಟ್ಟುಹೋದ ಕಡೆ ಒಳಗೆ ಮಡಚಿದ ಅಂಚನ್ನು ನೋಡಿ. ಬೆಳಕು ಬೀಳದ ಆ ಕಾಲು ಇಂಚಿನಲ್ಲಿ ಹಳೇ ಹಸಿರು ಹಾಗೇ ಉಳಿದಿರುತ್ತದೆ. ಕಂದು ಅಥವಾ ಕಪ್ಪು ತುಂಡುಗಳು ಮಾತ್ರ ಪುಡಿಯಾಗಿ ಉದುರಿ, ಪಕ್ಕದ ಗುಲಾಬಿ ತುಂಡು ಗಟ್ಟಿಯಾಗಿದ್ದರೆ ಕಾರಣ ಕಬ್ಬಿಣ. ಆ ಬಣ್ಣಗಳನ್ನು ಹಿಡಿಸಲು ಬಳಸಿದ ಕಬ್ಬಿಣದ ಲವಣ ನಿಧಾನವಾಗಿ ನೂಲನ್ನೇ ತಿಂದುಹಾಕುತ್ತದೆ. ಹಳೇ ಬಟ್ಟೆಗೆ ಇದು ಒಳ್ಳೆಯ ಸಾಕ್ಷಿ, ಆದರೆ ಅದಕ್ಕೆ ಮದ್ದಿಲ್ಲ.

ಪುದೀನ ಹಸಿರು, ತಿಳಿ ನೇರಳೆ, ತಿಳಿ ಗುಲಾಬಿ ಒಟ್ಟಿಗಿದ್ದರೆ 1930ರ ದಶಕದ ಕಡೆ ಯೋಚಿಸಿ. ಆಗ ಹಿಟ್ಟು, ದನದ ಮೇವು ಬರುತ್ತಿದ್ದ ಹೂವಿನಚ್ಚಿನ ಹತ್ತಿ ಚೀಲಗಳೂ ಕ್ವಿಲ್ಟಿಗೆ ಸೇರಿದವು. ಚೀಲದ ಹೊಲಿಗೆ ಬಿಚ್ಚಿದ ಕಡೆ ದೊಡ್ಡ ಸೂಜಿತೂತುಗಳ ಸಾಲು ಕಾಣಬಹುದು.

ಒಂದು ಅಗ್ಗದ ಸಲಕರಣೆ ಇಟ್ಟುಕೊಳ್ಳಿ: ನೇರಳಾತೀತ ಟಾರ್ಚ್. ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟಾಗ ಬಿಳಿ ಬಟ್ಟೆ ಅಥವಾ ದಾರ ನೀಲಿಯಾಗಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ ಅಂತ ಅರ್ಥ. ಅದು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನ ನಂತರ. ಆದರೆ ಈಗಿನ ಸೋಪಿನ ಪುಡಿಯಲ್ಲೂ ಅದೇ ಇರುತ್ತದೆ. ಹಳೇ ಕ್ವಿಲ್ಟನ್ನು ಒಮ್ಮೆ ಒಗೆದಿದ್ದರೆ ಇಡೀ ಹೊದಿಕೆ ಒಂದೇ ಸಮ ಹೊಳೆಯಬಹುದು. ದಾರ ಮಾತ್ರ, ಅಥವಾ ಒಂದೆರಡು ತುಂಡು ಮಾತ್ರ ಹೊಳೆದರೆ ಅದು ಗಂಭೀರ ಸುಳಿವು. ಇನ್ನು ಒಳಪದರ ಹಿಚುಕಿದಾಗ ಸ್ಪಂಜಿನಂತೆ ಪುಟಿದರೆ ಪಾಲಿಯೆಸ್ಟರ್, ಅದು 1960ರ ದಶಕದ ಕಡೆಯ ಮಾತು.

ಹಂತ 6: ನಂಬಬಾರದ ಕಥೆಗಳು

'ದೇವರು ಮಾತ್ರ ಪರಿಪೂರ್ಣ, ಅದಕ್ಕೇ ಬೇಕಂತಲೇ ಒಂದು ತಪ್ಪು ಬಿಟ್ಟಿದ್ದಾರೆ' ಅಂತ ಹೇಳುತ್ತಾರೆ. ಇದಕ್ಕೆ ಹಳೇ ಆಧಾರ ಏನೂ ಸಿಗೋದಿಲ್ಲ. ಬಟ್ಟೆ ಮುಗಿದಾಗ ಬೇರೆ ತುಂಡು ಹಾಕುತ್ತಿದ್ದರು, ರಾತ್ರಿ ದೀಪದಲ್ಲಿ ಹೊಲಿಯುವಾಗ ಒಂದು ಮನೆ ತಿರುಗಿಬಿಡುತ್ತಿತ್ತು. 'ಒಳಗೆ ಹತ್ತಿ ಬೀಜ ಕಾಣುತ್ತೆ, ಆದ್ದರಿಂದ 1800ಕ್ಕೂ ಹಿಂದಿನದ್ದು' ಅನ್ನೋದೂ ಸುಳ್ಳು. 1793ರಲ್ಲಿ ಬೀಜ ತೆಗೆಯುವ ಯಂತ್ರ ಬಂದ ಮೇಲೂ ಅಗ್ಗದ ಅರಳೆಯಲ್ಲಿ ಬೀಜದ ಚೂರು ಇದ್ದೇ ಇತ್ತು.

ನಕಲಿನ ಮಾತೂ ಇದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಜೊನಾಥನ್ ಹೋಲ್‌ಸ್ಟೀನ್, ಗೇಲ್ ವ್ಯಾನ್ ಡರ್ ಹೂಫ್ ಇಬ್ಬರೂ ತಮ್ಮ ಸಂಗ್ರಹದ ಕ್ವಿಲ್ಟ್‌ಗಳನ್ನು ಚಿತ್ರಪಟಗಳಂತೆ ಗೋಡೆಗೆ ತೂಗುಹಾಕಿದರು. ಅವುಗಳಲ್ಲಿ ಪೆನ್ಸಿಲ್ವೇನಿಯಾದವು ಬಹಳ ಇದ್ದವು. ಆಮೇಲೆ ಬೇಡಿಕೆ ಏರಿತು. 1980ರ ದಶಕದಿಂದ ಲ್ಯಾಂಕಾಸ್ಟರ್‌ನ ಅಂಗಡಿಗಳಿಗೆ ಹೊಲಿದವರಲ್ಲಿ ಆಗ್ನೇಯ ಏಷ್ಯಾದಿಂದ ಬಂದ ಹ್ಮಾಂಗ್ ನಿರಾಶ್ರಿತ ಮಹಿಳೆಯರೂ ಇದ್ದರು. ಅವರ ಕೈಕೆಲಸ ಬಹಳ ಸೊಗಸು, ಅದು ನಕಲಿ ಅಲ್ಲವೇ ಅಲ್ಲ. ಅದನ್ನು ಹಳೇದು ಅಂತ ಮಾರಿದರೆ ಮಾತ್ರ ಮೋಸ. ವಿಟ್ನಿಯಲ್ಲಿ ತೂಗಿದ ಕ್ವಿಲ್ಟ್‌ಗಳು ಈಗ ನೆಬ್ರಾಸ್ಕಾದ ಲಿಂಕನ್‌ನಲ್ಲಿರುವ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂನಲ್ಲಿವೆ. ಅದರ ಸಂಗ್ರಹ, ಜೊತೆಗೆ ಕ್ವಿಲ್ಟ್ ಇಂಡೆಕ್ಸ್ ಅನ್ನೋ ಜಾಲತಾಣ, ಎರಡನ್ನೂ ಮನೆಯಲ್ಲೇ ಕೂತು ನೋಡಬಹುದು. ಕೊಳ್ಳುವ ಮುಂಚೆ ಅಲ್ಲಿ ಕಣ್ಣು ಪಳಗಿಸಿ.

ಹಂತ 7: ಮನೆಗೆ ತಂದ ಮೇಲೆ

ಒಗೆಯಬೇಡಿ. ಮೊದಲ ಆಸೆ ಅದೇ ಆಗಿರುತ್ತದೆ, ತಡೆದುಕೊಳ್ಳಿ. ನೆನೆದ ಕ್ವಿಲ್ಟ್ ಬಹಳ ಭಾರ. ಎತ್ತಿದರೆ ನೂರು ವರ್ಷದ ದಾರ ಪಟಪಟನೆ ಕಿತ್ತುಹೋಗುತ್ತದೆ, ಕೆಂಪು ಬಿಳಿಯ ಮೇಲೆ ಹರಿಯುತ್ತದೆ. ಡ್ರೈಕ್ಲೀನಿಂಗ್ ಕೂಡ ಬೇಡ. ಧೂಳು ತೆಗೆಯಲು ಮೇಲೆ ಸೊಳ್ಳೆಪರದೆಯಂಥ ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆಗೆ ಇಟ್ಟು, ಬಲೆಯ ಮೇಲಿಂದ ನಿಧಾನವಾಗಿ ಆಡಿಸಿ. ಅದಕ್ಕೂ ಮೀರಿದ ಕಲೆ ಇದ್ದರೆ ಬಟ್ಟೆ ಸಂರಕ್ಷಣೆ ಕಲಿತವರ ಹತ್ತಿರ ಹೋಗಿ.

ಉಣ್ಣೆಯ ಕ್ವಿಲ್ಟ್ ಆದರೆ ನುಸಿ ಇದೆಯಾ ನೋಡಿ. ಅನುಮಾನ ಬಂದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆ ಒದ್ದೆಯಾಗುತ್ತದೆ.

ಎತ್ತಿಡುವಾಗ ಪ್ಲಾಸ್ಟಿಕ್ ಬೇಡ. ಒಗೆದು ಗಂಜಿ ಹಾಕದ ಹಳೇ ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿ. ಮರದ ಕಪಾಟಿನ ಹಲಗೆಗೆ ನೇರವಾಗಿ ತಾಗಬಾರದು, ಮರದಿಂದ ಹೊರಬರುವ ಆಮ್ಲ ಬಟ್ಟೆಯನ್ನು ಹಳದಿ ಮಾಡುತ್ತದೆ. ಮಡಿಕೆ ಬೀಳುವ ಕಡೆ ಆಮ್ಲರಹಿತ ಕಾಗದವನ್ನು ಉಂಡೆ ಮಾಡಿ ಇಡಿ. ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ.

ಊರಿಗೆ ತಂದು ಇಡುವವರು ಮಳೆಗಾಲದ ಬಗ್ಗೆ ಯೋಚಿಸಲೇಬೇಕು. ಮಂಗಳೂರು, ಶಿವಮೊಗ್ಗ ಕಡೆ ಜೂನ್ ಬಂದರೆ ಕಪಾಟಿನೊಳಗೂ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವ ಶೇಕಡ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟಿಗೆ ದಾರಿ. ತೇವ ತೋರಿಸುವ ಸಣ್ಣ ಮೀಟರ್ ಒಂದನ್ನು ಕಪಾಟಿನಲ್ಲೇ ಇಡಿ. ಹೊರಗೋಡೆಗೆ ಅಂಟಿದ ಕಪಾಟು ಬೇಡ, ಮನೆಯ ನಡುಕೋಣೆ ವಾಸಿ.

ಗೋಡೆಗೆ ಹಾಕುವ ಆಸೆ ಇದ್ದರೆ ಕ್ಲಿಪ್, ಮೊಳೆ ಯಾವುದೂ ಬೇಡ. ಬೆನ್ನಿನ ಮೇಲ್ಭಾಗದಲ್ಲಿ ಉದ್ದಕ್ಕೂ ಹತ್ತಿಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಕೋಲು ತೂರಿಸಿ, ಭಾರ ಒಂದೇ ಸಮ ಹಂಚಿಹೋಗುತ್ತದೆ. ಬಿಸಿಲು ತಾಗದ ಗೋಡೆಯೇ ಆಗಬೇಕು. ಆರು ತಿಂಗಳಾದ ಮೇಲೆ ಇಳಿಸಿ ಮಲಗಿಸಿ.

ಕೊನೆಗೆ ದಾಖಲೆ. ಮುಂಭಾಗ, ಬೆನ್ನು, ನಾಲ್ಕು ಮೂಲೆ, ಪ್ರತಿ ಹಾನಿ, ಎಲ್ಲದರ ಫೋಟೋ ತೆಗೆಯಿರಿ. ಒಂದು ಹತ್ತಿ ಪಟ್ಟಿಯ ಮೇಲೆ ಮಾಸದ ಶಾಯಿಯಲ್ಲಿ ಬರೆಯಿರಿ: ಎಲ್ಲಿ, ಯಾವಾಗ, ಯಾರಿಂದ ಬಂತು, ಅಳತೆ ಎಷ್ಟು. ಮಾರಿದವರು ಹೇಳಿದ್ದನ್ನು 'ಅವರು ಹೇಳಿದಂತೆ' ಅಂತಲೂ ನೀವು ಬಟ್ಟೆಯಲ್ಲಿ ಕಂಡದ್ದನ್ನು ಬೇರೆಯಾಗಿಯೂ ಬರೆಯಿರಿ. ಆ ಪಟ್ಟಿಯನ್ನು ಅಸ್ತರಿಗೆ ಮಾತ್ರ ಸಡಿಲವಾಗಿ ಹೊಲಿಯಿರಿ. ಸೂಜಿ ಮೇಲಿನ ಪದರದವರೆಗೆ ಹೋಗಬಾರದು.